ದಾರವಿಲ್ಲದವಳು

ಬೆಂಡೆಯ ಹೂವಿನ ಆಯುಷ್ಯ ಒಂದೇ ಮುಂಜಾನೆ. ಬಿಸಿಲೇರುವಾಗ ಅರಳಿ, ಮಧ್ಯಾಹ್ನಕ್ಕೆ ಮುದುಡಿ, ಮರುದಿನ ಒಣಗಿದ ಹಳದಿ ಬಟ್ಟೆಯ ಚೂರಿನಂತೆ ಎಳೆಗಾಯಿಯ ತುದಿಗೆ ನೇತಾಡುತ್ತಿರುತ್ತದೆ. ಹಾಗಾಗಿ ಬೀಜದ ಬೆಂಡೆಯ ಹೊಲದಲ್ಲಿ ದುಡಿಯುವವರಿಗೆ ಹೂವಿನ ತಿಂಗಳಲ್ಲಿ ರಜೆ ಇರುವುದಿಲ್ಲ. ಅಮಾವಾಸ್ಯೆ ಇರಲಿ, ಐತವಾರ ಇರಲಿ, ಹೂವು ಯಾರಿಗೂ ಕಾಯುವುದಿಲ್ಲ.

ಮಾಸೂರಿನಲ್ಲಿ, ಮದಗದ ಕೆರೆಯ ಕೆಳಗೆ, ಹಾಲೇಶನ ಒಂದೆಕರೆ ಹೊಲಕ್ಕೆ ನಾನು ಎರಡು ವರ್ಷದಿಂದ ಮೇಲ್ವಿಚಾರಕಿ. ಹಾನಗಲ್ಲಿನಲ್ಲಿ ಬಿ.ಎ. ಓದಿದವಳು, ಅಕ್ಷರ ದುಂಡಗಿವೆ, ಪುಸ್ತಕ ಚೆನ್ನಾಗಿ ಇಡುತ್ತಾಳೆ ಎಂದು ಬೀಜದ ಕಂಪನಿಯವರು ನನಗೆ ಈ ಕೆಲಸ ಕೊಟ್ಟರು. ಪುಸ್ತಕ ಇಡುವುದಕ್ಕಿಂತ ಕಣ್ಣಿಡುವುದು ನನಗೆ ಹೆಚ್ಚು ರೂಢಿ ಎಂಬುದು ಅವರಿಗೆ ಗೊತ್ತಿರಲಿಲ್ಲ. ಮನೆಯ ಬೀಗ ಹಾಕಿ ಓಣಿಯ ತಿರುವಿನಿಂದ ಎರಡು ಸಲ ಹಿಂದಿರುಗಿ ಎಳೆದು ನೋಡುವವಳು ನಾನು.

ಕೆಲಸ ಹೀಗೆ. ನಾಳೆ ಅರಳಲಿರುವ ಮೊಗ್ಗನ್ನು ಇಂದು ಸಂಜೆ ಹಿಡಿದು, ಬುಡದಲ್ಲಿ ಸುತ್ತ ಉಗುರು ಹಾಯಿಸಿ, ಎಸಳನ್ನೂ ಒಳಗಿನ ಪುಡಿಯನ್ನೂ ಒಟ್ಟಿಗೆ ಸುಲಿದು ತೆಗೆಯಬೇಕು. ಉಳಿಯುವುದು ಎಳೆಗಾಯಿ ಮತ್ತು ಅದರ ತುದಿಯ ಕಡುಗೆಂಪು ಬೊಟ್ಟು. ಅದಕ್ಕೆ ಕೆಂಪು ಕಾಗದದ ಟೊಪ್ಪಿಗೆ ಹಾಕಬೇಕು. ಮರುದಿನ ಮುಂಜಾನೆ ಬೇರೆ ಹೊಲದ ಗಂಡು ಹೂವು ತಂದು ಆ ಬೊಟ್ಟಿಗೆ ಸವರಿ, ತೊಟ್ಟಿಗೆ ದಾರ ಕಟ್ಟಬೇಕು. ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಸುಲಿಯದೆ ಬಿಟ್ಟ ಹೂವು ತನ್ನ ಪುಡಿಯಿಂದಲೇ ಕಾಯಾಗುತ್ತದೆ. ಅದಕ್ಕೆ ಇಲ್ಲಿ ಸೆಲ್ಫ್ ಎನ್ನುತ್ತಾರೆ. ಸೆಲ್ಫ್ ಬೀಜ ಕಂಪನಿಯ ಚೀಲಕ್ಕೆ ಸೇರಿದರೆ ಇಡೀ ಚೀಲ ಕೆಟ್ಟಂತೆ.

ಯಾರ ಕೈಯಿಂದ ತಪ್ಪಾಯಿತೆಂದು ತಿಳಿಯಲು ಒಬ್ಬೊಬ್ಬಳಿಗೆ ಒಂದೊಂದು ಬಣ್ಣದ ಉಲ್ಲನ್ ದಾರ ಕೊಡುವ ಪದ್ಧತಿ ತಂದವಳು ನಾನು. ತಿಪ್ಪವ್ವನಿಗೆ ಕೆಂಪು, ಗುಲ್ನಾರಳಿಗೆ ಬಿಳಿ, ಭಾಗ್ಯಶ್ರೀಗೆ ಹಸಿರು.

"ನಮ್ಮ ಕೊಳ್ಳಿಗೂ ಒಂದೊಂದ ಕಟ್ಟಿಬಿಡ ಸುಜಾತವ್ವಾ," ಎಂದಿದ್ದಳು ತಿಪ್ಪವ್ವ, ಸವಣೂರ ವೀಳ್ಯದೆಲೆಯ ತೊಟ್ಟು ಮುರಿಯುತ್ತ. ಅರವತ್ತು ದಾಟಿದ ಅವಳಿಗೆ ಹೊಲದಲ್ಲಿ ಯಾರ ಅಂಜಿಕೆಯೂ ಇಲ್ಲ. "ಹಂಸಭಾವಿ ಸಂತ್ಯಾಗ ಕಳಕೊಂಡ್ರ ಗುರ್ತ ಹತ್ತತೈತಿ."

"ಮತ್ತ ಅಕ್ಕಾರಿಗೆ ಯಾವ ಬಣ್ಣ?" ಎಂದು ಗುಲ್ನಾರ ಕೇಳಿದಳು.

ಎಲ್ಲರೂ ನಕ್ಕರು, ನಾನೂ ನಕ್ಕೆ. ಮೇಲ್ವಿಚಾರಕಿಗೆ ದಾರ ಇರುವುದಿಲ್ಲ.

ಭಾಗ್ಯಶ್ರೀ ಐತವಾರಕ್ಕೊಮ್ಮೆ ಹಿರೇಕೆರೂರಿನ ತಗಡಿನ ಚಾವಣಿಯ ಪ್ರಾರ್ಥನಾ ಮನೆಗೆ ಹೋಗುತ್ತಾಳೆ. ಹೋಗತೊಡಗಿ ಮೂರು ವರ್ಷವಾಯಿತು. ಆ ದಿನ ನಸುಕಿನಲ್ಲೇ ಹೊಲಕ್ಕೆ ಬಂದು, ಎಲ್ಲರಿಗಿಂತ ಮೊದಲು ತನ್ನ ಸಾಲು ಮುಗಿಸಿ, ಬಾವಿಯ ಹತ್ತಿರ ಕೈಕಾಲು ತೊಳೆದು ಬಸ್ಸಿಗೆ ಓಡುವಳು.

"ನಿಮ್ಮ ಏಸಪ್ಪಗ ಐತವಾರ ಬಿಟ್ರ ಬ್ಯಾರೆ ದಿನ ಸಿಗಲೇ ಇಲ್ಲೇನ?" ಎಂದು ತಿಪ್ಪವ್ವ ಕೂಗುವಳು. "ನಮ್ಮ ದುರಗವ್ವ ನೋಡು, ಮಂಗಳವಾರನೂ ಸಂಭಾಳಸ್ತಾಳ, ಶುಕ್ರವಾರನೂ ಸಂಭಾಳಸ್ತಾಳ."

"ಅದಕ್ಕ ಆಕೀಗೆ ಅಷ್ಟ ಸಿಟ್ಟ, ಚಿಗವ್ವಾ. ವಾರಕ್ಕ ಒಂದಿನ ಆದ್ರೂ ಸೂಟಿ ಕೊಡ್ರಿ," ಎಂದು ಭಾಗ್ಯಶ್ರೀ ಬದುವಿನಿಂದಲೇ ಉತ್ತರ ಕೊಡುವಳು.

ಏಪ್ರಿಲ್‌ನಲ್ಲಿ ಅವಳು ನನ್ನ ಬಳಿ ರಜೆ ಕೇಳಿದಳು. ಶಿಗ್ಗಾವಿಯಲ್ಲಿ ಅವಳ ಅಕ್ಕನ ಪ್ರಾರ್ಥನಾ ಮನೆಗೆ ಹತ್ತು ವರ್ಷ ತುಂಬುವ ಕೂಟ. ಶನಿವಾರ ಮಧ್ಯಾಹ್ನ ಹೊರಟು ಐತವಾರ ಸಂಜೆ ಮರಳುವುದು.

"ಕ್ರಾಸಿಂಗ್ ಮುಗಿಯೂತನಕ ರಜಾ ಇಲ್ಲ ಅಂತ ಕಂಪನಿ ಬರದು ಕೊಟ್ಟೈತಿ, ಭಾಗ್ಯಾ."

"ಗೊತ್ತೈತ್ರಿ. ಅದಕ್ಕ ಕಂಪನಿಗೆ ಕೇಳಲಿಲ್ಲ, ನಿಮಗ ಕೇಳಿದೆ."

ಹೀಗೆ ಕೇಳಿದರೆ ಇಲ್ಲ ಎನ್ನುವುದು ಕಷ್ಟ. ಅವಳ ನಾಲ್ಕು ಸಾಲನ್ನು ಉಳಿದವರಿಗೆ ಹಂಚಬಹುದಿತ್ತು. ಆದರೆ ಅವರವರ ಸಾಲೇ ಅವರಿಗೆ ಹೆಚ್ಚಾಗಿತ್ತು. ಅವಸರದಲ್ಲಿ ಕೆಡಿಸುತ್ತಾರೆ ಎಂಬ ಭಯವೂ ನನಗಿತ್ತು. "ನಾನ ಮಾಡ್ತೇನಿ ಹೋಗು," ಎಂದೆ. ಹಾಜರಿ ಪುಸ್ತಕದಲ್ಲಿ ಎರಡೂ ದಿನ ಅವಳ ಹೆಸರಿನ ಮುಂದೆ 'ಹಾಜರಿ' ಎಂದು ಬರೆದೆ. ಅದಕ್ಕೆ ಸುಳ್ಳು ಎಂಬ ಪದವನ್ನು ನಾನು ಆಗ ಬಳಸಲಿಲ್ಲ. ಉಪಕಾರ ಎಂದುಕೊಂಡೆ.

ಶನಿವಾರ ಸಂಜೆ ಹಸಿರು ದಾರದ ಉಂಡೆಯನ್ನು ಸೆರಗಿಗೆ ಸಿಕ್ಕಿಸಿಕೊಂಡು ಸಾಲಿಗಿಳಿದೆ. ಬೆಂಡೆಯ ಮುಳ್ಳು ಮೊಣಕೈತನಕ ನವೆ ಎಬ್ಬಿಸುತ್ತದೆ. ಕೆಲಸ ಹೇಳುವಾಗ ಅದು ಅಷ್ಟು ಗೊತ್ತಾಗಿರಲಿಲ್ಲ. ಮೂರು ಸಾಲು ಮುಗಿಯುವ ಹೊತ್ತಿಗೆ ಅವ್ವನ ಫೋನು ಬಂತು. ಅಪ್ಪ ಕಟ್ಟೆಯ ಮೇಲೆ ಕೂತಲ್ಲೇ ಕಣ್ಣು ಕತ್ತಲೆ ಬಂದು ಒರಗಿದ್ದಾನೆ, ಹಿರೇಕೆರೂರಿನ ದವಾಖಾನೆಗೆ ಕರೆದೊಯ್ಯುತ್ತಿದ್ದೇವೆ ಎಂದಳು. ನಾಲ್ಕನೆಯ ಸಾಲಿನ ಅರ್ಧ ಉಳಿದಿತ್ತು, ಮೂವತ್ತರ ಹತ್ತಿರ ಮೊಗ್ಗು. ಅವುಗಳನ್ನು ಸುಲಿಯದೆಯೇ ಟೊಪ್ಪಿಗೆ ಹಾಕಿದೆ. ನಸುಕಿನಲ್ಲಿ ಬಂದು, ಅರಳುವ ಮೊದಲೇ ಸುಲಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ.

ಅಪ್ಪನಿಗೆ ಸಕ್ಕರೆ ಇಳಿದಿತ್ತಷ್ಟೆ. ಆದರೆ ನಾನು ಹೊಲ ಮುಟ್ಟಿದ್ದು ಮರುದಿನ ಎಂಟೂವರೆಗೆ. ಟೊಪ್ಪಿಗೆ ತೆಗೆದರೆ ಒಳಗೆ ಹಳದಿ ಹೂವು ಪೂರ್ತಿ ಅರಳಿ, ಪುಡಿ ಆಗಲೇ ಉದುರಿ ಬೊಟ್ಟಿಗೆ ಅಂಟಿತ್ತು. ಅಂಥ ಹೂವನ್ನು ಕಿತ್ತು ಒಗೆಯಬೇಕು. ನಿಯಮ ಬರೆದವಳೇ ನಾನು. ಆದರೆ ಮೂವತ್ತು ಹೂವು ಕಿತ್ತರೆ ಅರ್ಧ ಸಾಲು ಬೋಳಾಗಿ ಕಾಣುತ್ತದೆ. ಬೋಳು ಸಾಲು ನೋಡಿದರೆ ತಿಪ್ಪವ್ವ ಏನೆನ್ನುತ್ತಾಳೆಂದು ನನಗೆ ಗೊತ್ತಿತ್ತು: ಹೇಳಾಕ ಬರ್ತೈತಿ, ಮಾಡಾಕ ಬರೂದಿಲ್ಲ. ಆ ಒಂದು ಮಾತು ಕೇಳಬಾರದೆಂದು ಮೂವತ್ತಕ್ಕೂ ಹಸಿರು ದಾರ ಕಟ್ಟಿದೆ.

ಇದನ್ನು ಮರೆವು ಎನ್ನಲಾಗದು. ಪ್ರತಿ ಗಂಟು ಹಾಕುವಾಗಲೂ ನನಗೆ ಗೊತ್ತಿತ್ತು.

ಸೋಮವಾರ ಆರು ಗಂಟೆಗೇ ಬಂದೆ, ಒಣಗಿದ ಎಸಳನ್ನಾದರೂ ಯಾರಿಗೂ ಕಾಣದಂತೆ ಕಿತ್ತುಬಿಡಬೇಕೆಂದು. ಐದಾರು ತೆಗೆದಿರಬಹುದು, ಬದುವಿನ ಮೇಲೆ ಮೋಟರ್ ಸೈಕಲ್ಲಿನ ಸದ್ದು. ಕಂಪನಿಯ ಪರೀಕ್ಷಕ ಜಗದೀಶ ಪ್ರತಿ ಗುರುವಾರ ಬರುವವನು. ಆ ವಾರ ರಟ್ಟೀಹಳ್ಳಿ ಕಡೆ ಕೆಲಸವಿದೆಯೆಂದು ಮೊದಲೇ ಬಂದಿದ್ದ. ಹೆಂಗಸರೂ ಒಬ್ಬೊಬ್ಬರಾಗಿ ಬಂದರು. ಹಿಂದಿನ ಸಂಜೆ ಶಿಗ್ಗಾವಿಯಿಂದ ಮರಳಿದ್ದ ಭಾಗ್ಯಶ್ರೀಯೂ ಬಂದಳು, ತಲೆಯಲ್ಲಿ ಬಾಡಿದ ಸೇವಂತಿಗೆ ಇತ್ತು.

ಜಗದೀಶ ನಾಲ್ಕನೆಯ ಸಾಲಿನಲ್ಲಿ ನಿಂತ. ಒಂದು ಕಾಯಿ ಹಿಡಿದು ತಿರುಗಿಸಿದ. ತುದಿಯಲ್ಲಿ ಒಣ ಎಸಳು, ತೊಟ್ಟಿನಲ್ಲಿ ಹಸಿರು ದಾರ.

"ಇದನ್ನ ಸುಲದಿಲ್ಲ," ಎಂದ. ಮುಂದಿನದು ನೋಡಿದ, ಅದರ ಮುಂದಿನದು ನೋಡಿದ. "ಇವು ಯಾವೂ ಸುಲದಿಲ್ಲ. ಇದು ಯಾರ ದಾರ?"

ತಿಪ್ಪವ್ವ ಎಲೆ ಜಗಿಯುವುದನ್ನು ನಿಲ್ಲಿಸಿದಳು. ಗುಲ್ನಾರ ತನ್ನ ಕೈ ನೋಡಿಕೊಂಡಳು. ಆ ಎರಡು ದಿನ ಆ ಸಾಲಿನಲ್ಲಿ ಇದ್ದವಳು ಯಾರೆಂದು ಅಲ್ಲಿದ್ದ ಹೆಂಗಸರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರು ಜಗದೀಶ ಮತ್ತು ಆ ಎರಡು ದಿನ ಹೊಲದ ಕಡೆ ಬಾರದಿದ್ದ ಯಜಮಾನ ಹಾಲೇಶ ಇಬ್ಬರೇ. ಭಾಗ್ಯಶ್ರೀ ನನ್ನನ್ನು ನೋಡಿದಳು. ನಾನು ಕೈಯಲ್ಲಿದ್ದ ಪುಸ್ತಕ ನೋಡಿದೆ. ಅದರಲ್ಲಿ ನನ್ನದೇ ದುಂಡಗಿನ ಅಕ್ಷರದಲ್ಲಿ 'ಹಾಜರಿ, ಹಾಜರಿ' ಎಂದಿತ್ತು. ಬಾಯಿ ತೆರೆದರೆ ಒಂದಲ್ಲ, ಎರಡು ಸುಳ್ಳು ಬಯಲಾಗುತ್ತಿದ್ದವು.

"ಯಾರ ದಾರ ಅಂತ ಗೊತ್ತಾಗದಿದ್ರ ಇಡೀ ಪ್ಲಾಟ್ ರದ್ದು ಮಾಡ್ತೇನಿ," ಎಂದ ಜಗದೀಶ.

"ನಂದ್ರಿ," ಎಂದಳು ಭಾಗ್ಯಶ್ರೀ.

ನಿಯಮದ ಪ್ರಕಾರ ಒಂದು ದಾರದಲ್ಲಿ ಸೆಲ್ಫ್ ಸಿಕ್ಕರೆ ಆ ದಾರದ ಕಾಯಿಗಳನ್ನೆಲ್ಲ ಕಿತ್ತು ಒಗೆಯಬೇಕು, ಆ ಹೆಂಗಸನ್ನು ಬಿಡಿಸಬೇಕು. ಇದನ್ನು ಬರೆದವಳೂ ನಾನೇ. ಮೂರು ವಾರದಿಂದ ಅವಳು ಕಟ್ಟಿದ್ದ ನೂರಾರು ಹಸಿರು ದಾರದ ಕಾಯಿಗಳನ್ನು ಹಾಲೇಶ ಬೈಯುತ್ತ ಬೈಯುತ್ತ ಕಿತ್ತು ಬದುವಿಗೆ ಎಸೆದ. ಎಲ್ಲವೂ ಚೊಕ್ಕ ಕೆಲಸದ ಕಾಯಿಗಳು. ಭಾಗ್ಯಶ್ರೀ ಕುಡುಗೋಲು, ಬುತ್ತಿಯ ಗಂಟು ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟಳು.

ಮಾಸೂರಿನಿಂದ ಹಂಸಭಾವಿಯವರೆಗೆ ಬೀಜದ ಹೊಲಗಳಲ್ಲಿ ಮಾತು ಹರಡಲು ಎರಡು ದಿನ ಸಾಕು. 'ಸೆಲ್ಫ್ ಮಾಡಿದಾಕಿ' ಎಂಬ ಹೆಸರು ಬಿದ್ದ ಮೇಲೆ ಯಾರೂ ಕರೆಯುವುದಿಲ್ಲ. ನಾನು ಮೂರು ಕಡೆ ಅವಳಿಗೆ ಕೆಲಸ ಕೇಳಿದೆ, ಮೂರೂ ಕಡೆ ಬೇಡ ಎಂದರು. ನಿದ್ದೆ ಬರುತ್ತಿರಲಿಲ್ಲ. ಮುಂದಿನ ಮಂಗಳವಾರ ಹಿರೇಕೆರೂರಿಗೆ ಹೋಗಿ ಒಂದು ಒಳ್ಳೆಯ ಇಳಕಲ್ ಸೀರೆ, ಬೆಲ್ಲ, ಅಕ್ಕಿ, ಅವಳ ಮಗಳಿಗೆ ಪಾಟಿಚೀಲ ಕೊಂಡು ಅವಳ ಮನೆಗೆ ಹೋದೆ.

ಪಡಸಾಲೆಯಲ್ಲಿ ಹುಣಸೆಹಣ್ಣಿನ ರಾಶಿ. ಭಾಗ್ಯಶ್ರೀ ಕಲ್ಲಿನ ಮೇಲೆ ಒಂದೊಂದೇ ಹಣ್ಣಿಟ್ಟು ಸಣ್ಣ ಸುತ್ತಿಗೆಯಿಂದ ಬಡಿದು ಬೀಜ ಬಿಡಿಸುತ್ತಿದ್ದಳು. ಗಂಡ ಸುನೀಲ ಕೆಲಸಕ್ಕೆ ಹೋಗಿದ್ದ.

"ಬರ್ರಿ ಅಕ್ಕಾರ, ಕುಂಡ್ರಿ. ಸೀರಿ ಸಾವರಿಸಿಕೊಂಡು ಕುಂಡ್ರಿ, ಅಂಟಾಗ್ತೈತಿ."

ಚೀಲ ಅವಳ ಮುಂದಿಟ್ಟೆ. ಕೈ ಒರೆಸಿಕೊಂಡು ಸೀರೆ ತೆಗೆದು ನೋಡಿದಳು. ಅಂಚನ್ನು ಬೆರಳಲ್ಲಿ ತಿಕ್ಕಿದಳು.

"ಚಂದ ಐತಿ." ಮತ್ತೆ ಮಡಚಿ ಚೀಲದಲ್ಲಿಟ್ಟಳು. "ಒಯ್ರಿ."

"ಯಾಕ?"

"ಇದನ್ನ ಕೊಟ್ಟು ನಿದ್ದಿ ಒಯ್ಯಾಕ ಬಂದೀರಿ. ನನ್ನ ಹತ್ರ ನಿಮ್ಮ ನಿದ್ದಿ ಇಲ್ರಿ."

ನಾನು ಒಂದು ಹುಣಸೆಹಣ್ಣು ಎತ್ತಿಕೊಂಡು ನಾರು ಬಿಡಿಸತೊಡಗಿದೆ.

"ಅವತ್ತ ಯಾಕ ನಂದು ಅಂದಿ, ಭಾಗ್ಯಾ?"

"ನೀವು ಅನ್ನಲಿಲ್ಲಲ್ಲ, ಅದಕ್ಕ. ಯಾರಾರ ಒಬ್ಬರು ಅನ್ನಬೇಕಿತ್ತು. ಇಲ್ಲಂದ್ರ ಚಿಗವ್ವಂದು, ಗುಲ್ನಾರಂದು ಎಲ್ಲಾ ಹಾಳಾಗೂದಿತ್ತು." ಸುತ್ತಿಗೆ ತುಸು ಜೋರಾಗಿಯೇ ಬಿತ್ತು. "ಒಳ್ಳೇಕಿ ಅಂತ ತಿಳೀಬ್ಯಾಡ್ರಿ ಮತ್ತ. ಭಾಳ ಸಿಟ್ಟ ಬಂದೈತಿ. ಮುಂಜಾನೆ ಪ್ರಾರ್ಥನ್ಯಾಗ ನಿಮಗ ಮಾಫ್ ಮಾಡ್ತೇನಿ, ಸಂಜಿ ಅನ್ನೂದ್ರಾಗ ಮತ್ತ ಸಿಟ್ಟ ಬರ್ತೈತಿ. ಮರುದಿನ ಮತ್ತ ಮಾಡ್ತೇನಿ. ಎಂಟು ದಿನ ಆತು, ದಿನಾ ಇದ ಕೆಲಸ. ನಾನೇನ ಏಸುಸ್ವಾಮಿ ಅಲ್ಲಲ್ರಿ."

ನನಗೆ ನಗು ಬಂತು, ಅಳುವೂ ಬಂತು. ಅವಳು ನೀರು ತಂದುಕೊಟ್ಟಳು.

"ನೀವು ಪ್ರಾರ್ಥನೆಗೆ ಹೋಗೂ ಮಂದಿ ರಕ್ಷಣೆ ರಕ್ಷಣೆ ಅಂತೀರಲ್ಲ," ಎಂದೆ. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದೆ, ಅದು ನನ್ನ ಅಭ್ಯಾಸ. "ಹಂಗಂದ್ರ ಏನು?"

"ಮೊದಲ ನನಗೂ ತಿಳೀತಿರಲಿಲ್ರಿ. ಜಡ್ಡು ವಾಸಿ ಆಗೂದು ಅಂತ ತಿಳದಿದ್ದೆ. ತಲಿನೋವಿಗೆ ಅಂತ ಅಕ್ಕ ಕರಕೊಂಡು ಹೋದ್ಳು. ತಲಿನೋವ ಇನ್ನೂ ಹಂಗ ಐತಿ." ಕೂತು ಮತ್ತೆ ಕಲ್ಲನ್ನು ಎಳೆದುಕೊಂಡಳು. "ಸತ್ತಮ್ಯಾಲೆ ಸ್ವರ್ಗ ಅಂತಾರ. ಅದನ್ನ ನಂಬೇನಿ. ಆದ್ರ ನನಗ ಅದು ಮುಟ್ಟಿದ್ದು ಬದುಕಿದ್ದಾಗ. ನಮ್ಮತ್ತಿದೊಂದು ಮಾತು ಹೇಳ್ಲೇನ್ರಿ?"

ಹೇಳು ಎಂದೆ.

"ನಮ್ಮತ್ತಿ ಎರಡು ವರ್ಷ ಹಾಸಿಗಿ ಹಿಡದಿದ್ಳು. ಮಾಡಿದೆ ನಾನು, ಮಾಡಲಿಲ್ಲ ಅನ್ನೂದಿಲ್ಲ. ಒಂದಿನ ಬ್ಯಾಸಗ್ಯಾಗ ಹೊಲದಿಂದ ಬಂದೇನಿ, ತಲಿ ಸಿಡ್ಯಾಕತ್ತೈತಿ. ಆಕಿ ನೀರು ಅಂದ್ಳು. ಕೇಳಿಸಲಿಲ್ಲ ಅನ್ನೂಹಂಗ ಮಾಡಿದೆ. ಮತ್ತ ಅಂದ್ಳು. ಗ್ವಾಡಿ ಕಡೆ ಹೊಳ್ಳಿ ಮಲಗಿದೆ. ಎದ್ದು ನೋಡಿದ್ರ ಹೋಗಿಬಿಟ್ಟಿದ್ಳು."

ಸುತ್ತಿಗೆ ನಿಂತಿತ್ತು.

"ಮಂದಿ ಬಂದು, ಹಡದ ಮಗಳೂ ಇಷ್ಟು ನೋಡಿಕೊಳ್ಳಲಿಲ್ಲ ಅಂತ ಹೊಗಳಿದ್ರು. ಹೊಗಳಿದಾಗೊಮ್ಮೆ ಮುಳ್ಳ ಚುಚ್ಚಿದಂಗ ಆಗೂದು. ಆಕಿ ಹೆಸರಿಲೆ ಎಡಿ ಇಟ್ಟೆ, ಉಪವಾಸ ಮಾಡಿದೆ, ದುರಗವ್ವನ ಗುಡ್ಡದ ಮೆಟ್ಟಲಾ ಮೊಣಕಾಲಿಲೆ ಹತ್ತಿದೆ. ಎರಡು ಬ್ಯಾಸಗಿ ಬಸ್‌ಸ್ಟ್ಯಾಂಡಿನ್ಯಾಗ ಅರವಟ್ಟಿಗಿ ಇಟ್ಟು ಊರಿಗೆಲ್ಲಾ ನೀರು ಕುಡಿಸಿದೆ. ಆಕಿಗೆ ಕುಡಿಸಿದಂಗ ಆಗ್ಲಿಲ್ರಿ. ಹೆಂಗ ಆದೀತು? ಕುಡಿಯಾಕ ಆಕಿನ ಇಲ್ಲ."

"ಮತ್ತ?"

"ಶಿಗ್ಗಾವ್ಯಾಗ ಕುಂತಾಗ ಒಂದು ಮಾತು ಕಿವಿಗೆ ಬಿತ್ತು. ಇದು ನಿನ್ನ ಕೈಲೆ ಆಗೂದಲ್ಲ, ಅದಕ್ಕ ಏಸುಸ್ವಾಮಿ ನಿನ್ನ ತಪ್ಪು ತನ್ನ ಮೈಮ್ಯಾಲೆ ಹಾಕ್ಕೊಂಡು ಶಿಲುಬಿ ಹೊತ್ತ, ಅಂತ. ಮೊದಲ ಸಿಟ್ಟ ಬಂತು. ನಾ ಮೊಣಕಾಲು ಕೆತ್ತಿಸಿಕೊಂಡೇನಿ, ಇವರು ಪುಗಸಟ್ಟೆ ಕೊಡ್ತೇನಿ ಅಂತಾರಲ್ಲ ಅಂತ. ಆಮ್ಯಾಲೆ ಕುಂತಲ್ಲೆ ಅತ್ತೆ. ಮರುದಿನ ಮನಿಗೆ ಬಂದು ಸುನೀಲಗ ಎಲ್ಲಾ ಹೇಳಿದೆ. ಆತನ ತಾಯಿ ಅಲ್ಲೇನ್ರಿ. ಹದಿನೈದು ದಿನ ನನ್ನ ಕೂಡ ಮಾತಾಡಲಿಲ್ಲ. ಆದ್ರ ನಾ ಹಗರಾಗಿದ್ದೆ. ಮುಚ್ಚಿಡೂದು ದೊಡ್ಡ ದುಡಿಮಿ ಇತ್ರಿ, ಅಕ್ಕಾರ. ಬೆಂಡಿ ಹೊಲಕ್ಕಿಂತ ದೊಡ್ಡದು. ಅದು ಮುಗೀತು. ನನ್ನ ತಪ್ಪು ನನಗಿಂತ ಮೊದಲ ಒಬ್ಬಾತ ತನ್ನದು ಅಂದಾನ ಅಂದ್ರ, ನಾ ಮತ್ತ ಯಾಕ ಮುಚ್ಚಬೇಕು? ಅದ ರಕ್ಷಣೆ. ನನಗ ತಿಳದಷ್ಟು."

ನಾನು ಬೆಳೆದ ಮನೆಯಲ್ಲಿ ಈ ಮಾತಿಗೆ ಜಾಗವಿರಲಿಲ್ಲ. "ಹಂಗಾದ್ರ ಯಾರು ಬೇಕಾದ್ರೂ ತಪ್ಪು ಮಾಡಿ, ಆತನ ಮ್ಯಾಲೆ ಹಾಕಿ, ಆರಾಮ ಇರಬಹುದಲ್ಲ?"

"ಇರ್ತಾರ್ರಿ. ನಮ್ಮ ಪ್ರಾರ್ಥನ್ಯಾಗೂ ಇಬ್ಬರು ಅದಾರ, ಹೆಸರು ಹೇಳೂದಿಲ್ಲ." ನಕ್ಕಳು. ಆಮೇಲೆ ನನ್ನತ್ತ ನೇರವಾಗಿ ನೋಡಿದಳು. "ನೀವು ಅದೀರೇನು ಆರಾಮ? ಎಂಟು ದಿನದಿಂದ ನಿಮ್ಮ ತಪ್ಪು ನಾ ಹೊತ್ತೇನಿ."

"ಇಲ್ಲ."

"ನೋಡ್ರಿ. ಒಬ್ಬರು ಹೊತ್ತರಷ್ಟ ಸಾಲೂದಿಲ್ಲ. ಕೊಟ್ಟದ್ದನ್ನ ಇಸಗೋಬೇಕು. ಇದು ನಂದ ತಪ್ಪು ಅಂತ ಬಾಯಿಬಿಟ್ಟವರಿಗಷ್ಟ ಅದು ಮುಟ್ಟತೈತಿ. ಮುಚ್ಚಿಟ್ಟುಕೊಂಡವರ ಮುಂದ ಅದು ಹಂಗ ಬಿದ್ದಿರ್ತೈತಿ, ಈ ನಿಮ್ಮ ಸೀರಿ ಬಿದ್ದಂಗ."

"ನಾ ಹೋಗಿ ಎಲ್ಲಾ ಹೇಳಿದ್ರ ನೀ ಮಾಫ್ ಮಾಡ್ತೀ?"

"ಅದನ್ನ ಮಾಡೇ ಬಿಟ್ಟೇನಿ, ಹೇಳಿದ್ನೆಲ್ಲ. ನೀವು ಹೇಳ್ರಿ, ಬಿಡ್ರಿ, ನಾಳೆ ಮುಂಜಾನೆ ಮತ್ತ ಮಾಡ್ತೇನಿ." ಸುತ್ತಿಗೆ ಎತ್ತಿಕೊಂಡಳು. "ಆ ಪಾಟಿಚೀಲ ಮಾತ್ರ ಬಿಟ್ಟು ಹೋಗ್ರಿ. ನನ್ನ ಮಗಳು ಅದನ್ನ ನೋಡ್ಯಾಳ. ಇನ್ನ ಒಯ್ದ್ರ ಮನ್ಯಾಗ ರಂಪಾಟ ಆಗ್ತೈತಿ."

ಒಳಬಾಗಿಲ ಹಿಂದಿನಿಂದ ಎರಡು ಕಣ್ಣು ನೋಡುತ್ತಿದ್ದವು. ಪಾಟಿಚೀಲ ಬಿಟ್ಟು, ಉಳಿದದ್ದನ್ನು ಎತ್ತಿಕೊಂಡು ಬಂದೆ.

ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಗುತ್ತೆಪ್ಪ ಎಂದರೆ ಊರಲ್ಲಿ ಕಟ್ಟುನಿಟ್ಟಿನ ಮನುಷ್ಯನೆಂದು ಹೆಸರು. ಇಪ್ಪತ್ತು ವರ್ಷದ ಹಿಂದೆ ಬುದ್ಧನ ದಾರಿ ಹಿಡಿದು ದೇವರ ಜಗಲಿ ತೆಗೆದವನು. ಅಲ್ಲಿ ಈಗ ಬಿಳಿಯ ಬುದ್ಧನೊಬ್ಬನೇ ಕೂತಿದ್ದಾನೆ. 'ತನ್ನ ಕೊಳಿ ತಾನ ತೊಳಕೋಬೇಕು, ಒಬ್ಬರದು ಇನ್ನೊಬ್ಬರು ತೊಳ್ಯಾಕ ಬರೂದಿಲ್ಲ' ಎಂಬುದು ನಾನು ಮೊದಲು ಕಲಿತ ಪಾಠ. ನನ್ನ ಎಲ್ಲ ಎಚ್ಚರಿಕೆಯೂ ಅಲ್ಲಿಂದಲೇ ಬಂದದ್ದಿರಬೇಕು. ತೊಳೆಯುವ ಕಷ್ಟಕ್ಕಿಂತ ಕೊಳೆಯಾಗದಂತೆ ನೋಡಿಕೊಳ್ಳುವುದೇ ಲೇಸು ಎಂದು ನಾನು ಅದನ್ನು ಅರ್ಥ ಮಾಡಿಕೊಂಡಿದ್ದೆ.

ಎಲ್ಲವನ್ನೂ ಅವನಿಗೆ ಹೇಳಿದೆ.

"ನನ್ನ ಸಲುವಾಗಿ ಓಡಿ ಬಂದ್ಯಲ್ಲ, ಅದರಿಂದ ಆತು ಇದು," ಎಂದ ಕೊನೆಗೆ.

"ಹಂಗೇನಿಲ್ಲ ಅಪ್ಪಾ. ಮರುದಿನ ಕಿತ್ತು ಒಗೀಬಹುದಿತ್ತು, ಒಗೀಲಿಲ್ಲ."

"ಹೌದು." ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿದ. "ಆ ಹುಡುಗಿ ಹೇಳೂದು ನನಗ ಒಪ್ಪಿಗಿ ಆಗೂದಿಲ್ಲ. ಒಬ್ಬರದು ಇನ್ನೊಬ್ಬರು ಹೊರೂದು ಅಂದ್ರೇನು? ಆದ್ರ ಆಕಿ ಹೊತ್ತಾಳ. ಕಣ್ಣಾರೆ ಕಂಡದ್ದನ್ನ ಹೆಂಗ ಇಲ್ಲ ಅನ್ನಲಿ?" ಕನ್ನಡಕ ಮತ್ತೆ ಹಾಕಿಕೊಂಡ. "ತಾನ ತೊಳಕೋಬೇಕು ಅಂತ ಹೇಳೇನಿ, ಖರೆ. ಕೊಳಿ ಅರಿವಿ ಮುಚ್ಚಿಡು ಅಂತ ಎಂದೂ ಹೇಳಿಲ್ಲಲ್ಲ. ಹೋಗು."

ಗುರುವಾರ ಜಗದೀಶ ಬಂದಾಗ ಹೆಂಗಸರೆಲ್ಲ ದಾರ ಕಟ್ಟುವ ಕೆಲಸದಲ್ಲಿದ್ದರು. ಹಾಲೇಶ ಬಾವಿಯ ಹತ್ತಿರ ಪಂಪು ಬಿಚ್ಚಿಕೊಂಡು ಕೂತಿದ್ದ. ನಾನು ಹಾಜರಿ ಪುಸ್ತಕ ತೆರೆದು ಜಗದೀಶನ ಮುಂದೆ ಹಿಡಿದೆ. ಏನೇನು ಹೇಳಬೇಕೆಂದು ಹಿಂದಿನ ದಿನವೇ ಬರೆದು, ತಿದ್ದಿ, ಬಾಯಿಪಾಠ ಮಾಡಿದ್ದೆ. ಅದರಲ್ಲಿ ಒಂದು ವಾಕ್ಯವೂ ನೆನಪಾಗಲಿಲ್ಲ.

"ಸರ್, ಆ ಸಾಲು ಕೆಡಿಸಿದಾಕಿ ನಾನು. ಭಾಗ್ಯಶ್ರೀ ಆ ಎರಡು ದಿನ ಇಲ್ಲಿ ಇರಲೇ ಇಲ್ಲ. ನಾನ ರಜಾ ಕೊಟ್ಟು ಹಾಜರಿ ಬರದೆ. ನಾನ ಮೊಗ್ಗು ಸುಲೀಲಾರದ ಟೊಪ್ಪಿಗಿ ಹಾಕಿದೆ. ಅರಳಿದ್ದು ನೋಡಿನೂ ಆಕಿ ದಾರ ಕಟ್ಟಿದೆ."

ಪೆನ್ನು ತೆಗೆದು ಅಲ್ಲೇ 'ಹಾಜರಿ' ಎಂಬುದನ್ನು ಎರಡು ಕಡೆ ಹೊಡೆದು ಹಾಕಿ, 'ರಜೆ' ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿದೆ. ಅಕ್ಷರ ಎಂದಿನಂತೆ ದುಂಡಗೇ ಬಂದವು. ಅದು ನನಗೇ ಆಶ್ಚರ್ಯವಾಯಿತು. ಹೆದರಬೇಕಾದ ಶಿಕ್ಷೆ ಆಗಲೇ ಬೇರೊಬ್ಬಳ ಮೇಲೆ ಮುಗಿದು ಹೋಗಿತ್ತು. ಉಳಿದದ್ದು ಬರೀ ನಿಜ.

ಜಗದೀಶ ನನ್ನನ್ನೂ ಪುಸ್ತಕವನ್ನೂ ನೋಡಿದ. "ಏನ್ರಿ ಮೇಡಂ ಇದು? ನಿಮ್ಮನ್ನ ನಂಬಿ ನಾನು..." ತಲೆ ಅಲ್ಲಾಡಿಸಿದ. "ಇದನ್ನ ಮ್ಯಾಲೆ ಬರೀಬೇಕಾಗ್ತೈತಿ. ಪುಸ್ತಕ ನಿಮ್ಮ ಕೈಯಾಗ ಇರಾಕ ಬಿಡೂದಿಲ್ಲ."

"ಬರೀರಿ ಸರ್."

ಹಾಲೇಶ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದೇ ಎದ್ದು ಬಂದ. ಅವನ ಬೈಗುಳ ಈ ಸಲ ನನ್ನ ಪಾಲಿಗೆ ಬಂತು. ನಿಂತು ಕೇಳಿದೆ. ಅವನು ಕಿತ್ತು ಎಸೆದ ಕಾಯಿಗಳು ಬದುವಿನಲ್ಲಿ ಒಣಗಿ ಬಿದ್ದಿದ್ದವು, ಹಸಿರು ದಾರ ಇನ್ನೂ ಹ್ಯಾಗಿತ್ತೋ ಹಾಗೇ ಇತ್ತು. ಅವನ್ನು ಮರಳಿ ಗಿಡಕ್ಕೆ ಅಂಟಿಸಲು ಯಾರಿಂದಲೂ ಆಗುವುದಿಲ್ಲ.

"ಸಾಕ ಬಿಡೋ ಹಾಲೇಶಾ," ಎಂದಳು ತಿಪ್ಪವ್ವ, ಸಾಲಿನಿಂದ ಹೊರಬಂದು. "ಆಕಿ ಟೊಪ್ಪಿಗಿ ಹಾಕೂದನ್ನ ಅವತ್ತ ಸಂಜಿಕ ನಾನೂ ನೋಡೇನಿ. ಇಷ್ಟ ಲಗು ಲಗು ಹೆಂಗ ಸುಲದ್ಳು ಅಂತ ಆಗ ಸಂಶೆ ಬಂದಿತ್ತು. ಸೋಮವಾರ ನಮ್ಮ ಬಾಯಾಗೂ ಬೆಂಡಿಕಾಯಿ ತುರಕಿದಂಗ ಆಗಿತ್ತು. ನಮಗೂ ಬೈಯಿ."

"ನನಗೂ," ಎಂದಳು ಗುಲ್ನಾರ ಸಣ್ಣ ದನಿಯಲ್ಲಿ.

ಹಾಲೇಶ ಮೂವರನ್ನೂ ನೋಡಿದ. ಅಷ್ಟು ಜನಕ್ಕೆ ಸಾಲುವಷ್ಟು ಬೈಗುಳ ಅವನ ಬಳಿ ಇರಲಿಲ್ಲವೇನೋ. "ಆಕಿನ ಕರೀರಿ ಮೊದಲ," ಎಂದ. "ನಾಕು ಸಾಲು ಹೂವು ದಿನಾ ಹಾಳಾಗಾಕತ್ತಾವು."

"ನಾನ ಹೋಗಿ ಕರೀತೇನಿ," ಎಂದೆ. ನಂತರ ಜಗದೀಶನ ಕಡೆ ತಿರುಗಿದೆ. "ಸರ್, ಪುಸ್ತಕ ತಗೋರಿ. ಹೊಲದಾಗ ಕೂಲಿಗೆ ಬರಾಕ ಏನೂ ಅಡ್ಡಿ ಇಲ್ಲಲ್ಲ?"

ಅವನು ಹಾಲೇಶನನ್ನು ನೋಡಿದ. ಹಾಲೇಶ ಪಾನಾದಿಂದ ತಲೆ ಕೆರೆದುಕೊಂಡ. "ಬರಲಿ. ಆದ್ರ ದಾರ ಬೇಕು ಆಕಿಗೆ. ದಾರ ಇಲ್ಲದ ಒಬ್ಬರೂ ಸಾಲಿನ್ಯಾಗ ಇಳಿಯೂದು ಬ್ಯಾಡ."

ತಿಪ್ಪವ್ವ ದಾರದ ಡಬ್ಬಿಯಲ್ಲಿ ಕೈಯಾಡಿಸಿ, ಯಾರೂ ಮುಟ್ಟದ ಒಂದು ನೀಲಿ ಉಂಡೆ ತೆಗೆದು ನನ್ನ ಸೆರಗಿಗೆ ಸಿಕ್ಕಿಸಿದಳು. "ಬಾರವಾ ನನ್ನ ಹೊಸ ಆಳ. ಮೊದಲ ಉಗುರ ಬೆಳಸು."

ಪುಸ್ತಕ ಈಗ ಹಾಲೇಶನ ಹೆಂಡತಿ ಇಡುತ್ತಾಳೆ. ಮುಂದಿನ ಹಂಗಾಮಿಗೆ ನೋಡೋಣ ಎಂದಿದ್ದಾನೆ ಜಗದೀಶ. ಭಾಗ್ಯಶ್ರೀ ಮರುದಿನವೇ ಬಂದಳು. ನನ್ನನ್ನು ಕಂಡು "ಮುಂಜಾನೆ ಒಂದ ಸಲ ಮಾಫ್ ಮಾಡೇನಿ, ಸಂಜಿತನಕ ತಡೀತೈತೇನೋ ನೋಡೂಣ್ರಿ," ಎಂದು ತನ್ನ ಸಾಲಿಗೆ ಇಳಿದಳು. ಮೊದಲ ಕೆಲವು ದಿನ ಅವಳು ನನ್ನೊಂದಿಗೆ ಹೆಚ್ಚು ಮಾತಾಡಲಿಲ್ಲ. ನಾನೂ ಮಾತಿಗೆ ಆತುರಪಡಲಿಲ್ಲ. ನನ್ನ ಕೈ ಅವಳ ಅರ್ಧದಷ್ಟೂ ಓಡುವುದಿಲ್ಲ, ಮೊಣಕೈಯ ನವೆಯೂ ಹೋಗಿಲ್ಲ. ಮನೆಯ ಬೀಗ ಈಗಲೂ ಎಳೆದು ನೋಡುತ್ತೇನೆ, ಆದರೆ ಓಣಿಯ ತಿರುವಿನಿಂದ ಒಂದೇ ಸಲ ಹಿಂದಿರುಗುತ್ತೇನೆ.

ಮೇ ತಿಂಗಳ ಮೊದಲ ವಾರ ಶಿಗ್ಗಾವಿಯ ಅಕ್ಕನಿಗೆ ಜ್ವರ ಬಂದು ಭಾಗ್ಯಶ್ರೀ ಮತ್ತೆ ಎರಡು ದಿನ ಹೋಗಬೇಕಾಯಿತು. ಈ ಸಲ ಹಾಲೇಶನಿಗೇ ಹೇಳಿ ಹೋದಳು. ಅವಳ ನಾಲ್ಕು ಸಾಲನ್ನು ನಾವು ಮೂವರು ಹಂಚಿಕೊಂಡೆವು. ಕೊನೆಯ ಸಾಲು ನಾನು ಕೇಳಿ ತೆಗೆದುಕೊಂಡೆ. ಸಂಜೆ ಮೊಗ್ಗು ಮೊಗ್ಗಿಗೂ ಉಗುರು ಹಾಯಿಸಿ ಸುಲಿದೆ. ಉಗುರು ತಪ್ಪಿ ಎಳೆಗಾಯಿಗೆ ಗಾಯವಾದವನ್ನು ಅಲ್ಲೇ ಕಿತ್ತು ನೆಲಕ್ಕೆ ಹಾಕಿದೆ. ಮುಂಜಾನೆ ಉಳಿದವಕ್ಕೆ ಗಂಡು ಹೂವು ಸವರಿ ನೀಲಿ ದಾರ ಕಟ್ಟಿದೆ.

ಸೋಮವಾರ ಭಾಗ್ಯಶ್ರೀ ಬಂದವಳೇ ಆ ಸಾಲಿಗೆ ಹೋದಳು. ಸೊಂಟದ ಮೇಲೆ ಕೈಯಿಟ್ಟು, ಒಂದೊಂದೇ ಗಿಡ ನೋಡುತ್ತ ನಡೆದಳು. ಹಸಿರಿನ ನಡುನಡುವೆ ನೀಲಿ. ಎರಡು ಕಡೆ ಖಾಲಿ ತೊಟ್ಟು.

"ಎರಡ ಹಾಳ ಮಾಡೀರಲ್ರಿ ಅಕ್ಕಾರ!" ಎಂದು ಇಡೀ ಹೊಲಕ್ಕೆ ಕೇಳುವಂತೆ ಕೂಗಿದಳು.

"ಎರಡಲ್ಲ," ಎಂದು ನನ್ನ ಸಾಲಿನಿಂದ ನಾನೂ ಅಷ್ಟೇ ಜೋರಾಗಿ ಕೂಗಿದೆ. "ನಾಕು. ಆ ಮಗ್ಗಲಾನೂ ನೋಡು!"